ಬೀಸಿ ತಪ್ಪುವ ಹುಡುಗರನ್ನು ಆರಿಸುವುದು ಜೂಜಾ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಐಪಿಎಲ್ ಹರಾಜಿನ ಬಗ್ಗೆ ಒಂದು ಬರಹ ಬಂದಿತ್ತು. ಮೀಸೆ ಮೂಡದ ಹುಡುಗರ ಮೇಲೆ ಕೋಟಿ ಸುರಿಯುವುದು ಬರೀ ಜೂಜು, ಇಸ್ಪೀಟಿಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ ಬರೆದವರು ತೀರ್ಪು ಕೊಟ್ಟೇಬಿಟ್ಟಿದ್ದರು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಅದರಲ್ಲಿ ಅರ್ಧ ಇಳಿಯಿತು. ಯಾಕೆ ಇಳಿಯಿತು ಅಂತ ಆಮೇಲೆ ಹೇಳುತ್ತೇನೆ, ಮೊದಲು ಸಿಟ್ಟಿನ ಕತೆ.

ನನ್ನದು ಮಂಡ್ಯ. ನೂರಡಿ ರಸ್ತೆಯಿಂದ ಸ್ವಲ್ಪ ಒಳಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಹಗಲೆಲ್ಲ ಸುಟ್ಟ ಮೋಟಾರ್ ಬಿಚ್ಚುವುದು, ಕಾಯಿಲ್ ಕಟ್ಟುವುದು, ಉದ್ರಿ ಬರೆಯುವುದು. ರಾತ್ರಿ ಊಟ ಆದಮೇಲೆ ನಾನೂ ಒಂದು ತಂಡದ ಯಜಮಾನ. ಪ್ರತಿ ಸೀಸನ್ನಿಗೂ 17, 18, 19 ವಯಸ್ಸಿನ ಹುಡುಗರನ್ನು ಆರಿಸುತ್ತೇನೆ, ಬೆಳೆಸುತ್ತೇನೆ, ಬೆಳೆಯದಿದ್ದರೆ ಬಯ್ಯುತ್ತೇನೆ. ಆ ಹುಡುಗರು ಎಲ್ಲೂ ಇಲ್ಲ, ಕಂಪ್ಯೂಟರಿನೊಳಗೆ ಹುಟ್ಟಿ ಅಲ್ಲೇ ನಿವೃತ್ತಿ ಆಗುವವರು. ಆಟವೂ ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ನಗಬೇಡಿ. ನಮ್ಮ ಮನೆಯವಳು ಇದಕ್ಕೆ ‘ಇಲ್ಲದ ಕರುಗಳ ಜಾತ್ರೆ’ ಅಂತ ಹೆಸರಿಟ್ಟು ಎಷ್ಟೋ ವರ್ಷ ಆಯಿತು. ಅವಳು ತಮಾಷೆಗೆ ಹೇಳಿದ್ದು, ಆದರೆ ಸರಿಯಾಗಿಯೇ ಹೇಳಿದ್ದಾಳೆ.

ಮಂಡ್ಯದವನಿಗೆ ಬೇಸ್‌ಬಾಲ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 2008ರಲ್ಲಿ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ಉತ್ತರ ಪ್ರದೇಶದ ಇಬ್ಬರು ಹುಡುಗರನ್ನು ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. (ಈಗ ಕ್ರಿಕೆಟ್ ಆಡುವ ರಿಂಕು ಸಿಂಗ್ ಬೇರೆ.) ಜಾವೆಲಿನ್ ಎಸೆಯುತ್ತಿದ್ದ ಹುಡುಗರು. ಟಿವಿ ಸ್ಪರ್ಧೆಯೊಂದರಲ್ಲಿ ಜೋರಾಗಿ ಎಸೆದರು ಅಂತ ಕರೆದುಕೊಂಡು ಹೋದರು. ಇಬ್ಬರೂ ದೊಡ್ಡ ಲೀಗ್, ಅಂದರೆ ಅಲ್ಲಿನ ಎಲ್ಲಕ್ಕಿಂತ ಮೇಲಿನ ಮಟ್ಟ, ಮುಟ್ಟಲಿಲ್ಲ. ಆದರೂ ಆ ಸುದ್ದಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಟವೇ ಗೊತ್ತಿಲ್ಲದ ಹುಡುಗನನ್ನು ಏನು ನೋಡಿ ಆರಿಸುತ್ತಾರೆ? ಅದನ್ನೇ ಹುಡುಕುತ್ತಾ ಹೋಗಿ ಈ ಕಂಪ್ಯೂಟರ್ ಆಟಕ್ಕೆ ಬಿದ್ದೆ. ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’ ಅಂತ ಅದರ ಹೆಸರು. ಇದನ್ನು ಶುರು ಮಾಡಿದ ಮಾರ್ಕುಸ್ ಹೈನ್‌ಸೋನ್ ಜರ್ಮನಿಯವರು. ಫುಟ್‌ಬಾಲ್ ಬಿಟ್ಟರೆ ಬೇರೆ ಮಾತಾಡದ ದೇಶದವರೊಬ್ಬರು ಬೇಸ್‌ಬಾಲ್ ಆಟ ಕಟ್ಟಬಹುದಾದರೆ, ಕಬ್ಬು ಬೆಳೆಯುವ ಊರಿನವನು ಅದನ್ನು ಆಡಬಾರದಾ?

ಇದು ಬ್ಯಾಟ್ ಬೀಸುವ ವಿಡಿಯೊ ಗೇಮ್ ಅಲ್ಲ. ಇಲ್ಲಿ ನಾವು ಹೊಡೆಯುವುದೂ ಇಲ್ಲ, ಓಡುವುದೂ ಇಲ್ಲ. ಆಟಗಾರರನ್ನು ಆರಿಸಿ, ಯಾರು ಎಲ್ಲಿ ಆಡಬೇಕು ಅಂತ ಹೇಳಿ ಕೂರುವುದಷ್ಟೇ ಕೆಲಸ. ಮಿಕ್ಕಿದ್ದನ್ನು ಯಂತ್ರ ಲೆಕ್ಕ ಹಾಕಿ ಆಡಿಸುತ್ತದೆ. ಕಂಪ್ಯೂಟರ್ ಮನೆಮನೆಗೆ ಬರುವ ಎಷ್ಟೋ ಮೊದಲೇ, 1960ರ ದಶಕದ ಶುರುವಿನಲ್ಲಿ ಹಾಲ್ ರಿಚ್‌ಮನ್ ಅನ್ನುವವರು ದಾಳ ಮತ್ತು ಕಾರ್ಡುಗಳಲ್ಲೇ ಇಂಥದ್ದನ್ನು ಮಾಡಿ ಮಾರುತ್ತಿದ್ದರು. ಸ್ಟ್ರಾಟ್-ಓ-ಮ್ಯಾಟಿಕ್ ಅಂತ. ಈಗಲೂ ಆಡುವವರಿದ್ದಾರೆ.

ನಮ್ಮ ಲೀಗಿನಲ್ಲಿ ಆರು ಜನ. ಮಂಡ್ಯದಲ್ಲಿ ಮೂವರು, ಮೈಸೂರಲ್ಲಿ ಇಬ್ಬರು, ಒಬ್ಬ ಬೆಂಗಳೂರು ಸೇರಿಕೊಂಡಿದ್ದಾನೆ. ಮಿಕ್ಕ ತಂಡಗಳನ್ನು ಕಂಪ್ಯೂಟರೇ ನಡೆಸುತ್ತದೆ. ಎರಡು ಮೂರು ತಿಂಗಳಿಗೊಂದು ಸೀಸನ್ ಮುಗಿಯುತ್ತದೆ. ಸೀಸನ್ನಿಗೊಂದು ಡ್ರಾಫ್ಟ್. ಡ್ರಾಫ್ಟ್ ಅಂದರೆ ಹರಾಜಲ್ಲ, ಸರದಿ. ಹಿಂದಿನ ಸೀಸನ್ ಸೋತು ಸುಣ್ಣ ಆದವನಿಗೆ ಮೊದಲ ಸರದಿ, ಗೆದ್ದವನಿಗೆ ಕೊನೆ. ಅಮೆರಿಕದಲ್ಲಿ ಡ್ರಾಫ್ಟ್ 1965ರಿಂದ ನಡೆಯುತ್ತಿದೆ. ಮೊದಲೆಲ್ಲ ಸುತ್ತುಗಳಿಗೆ ಲೆಕ್ಕವೇ ಇರಲಿಲ್ಲ. ಮೈಕ್ ಪಿಯಾಜಾ ಅನ್ನುವವರನ್ನು 1988ರಲ್ಲಿ ಆರಿಸಿದ್ದು 62ನೇ ಸುತ್ತಿನಲ್ಲಿ. ಅವರು ಬೇಲಿ ಆಚೆಗೆ 427 ಹೋಮ್ ರನ್ ಹೊಡೆದು, ದೊಡ್ಡ ಆಟಗಾರರಿಗೆ ಗೌರವ ಕೊಡುವ ಹಾಲ್ ಆಫ್ ಫೇಮ್ ಸೇರಿದರು. ಈಗ 20 ಸುತ್ತಿಗೆ ಇಳಿಸಿದ್ದಾರೆ. ನಾವೂ 20 ಸುತ್ತೇ ಇಟ್ಟುಕೊಂಡಿದ್ದೇವೆ, ಅದಕ್ಕಿಂತ ಜಾಸ್ತಿ ಆದರೆ ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವುದು ಕಷ್ಟ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡೇ ಮಾತು. ಬ್ಯಾಟ್ ಹಿಡಿದವನಿಗೆ ಮೂರು ಸ್ಟ್ರೈಕ್ ಆದರೆ ಔಟ್. ಬೀಸಿ ತಪ್ಪಿದರೂ ಸ್ಟ್ರೈಕ್, ಒಳ್ಳೆಯ ಚೆಂಡನ್ನು ಸುಮ್ನೆ ನೋಡುತ್ತಾ ನಿಂತರೂ ಸ್ಟ್ರೈಕ್. ಆದರೆ ಅಳತೆ ಮೀರಿ ಬಂದ ಕೆಟ್ಟ ಚೆಂಡು ನಾಲ್ಕನ್ನು ಬಿಟ್ಟರೆ ಪುಕ್ಕಟೆ ಮೊದಲ ಬೇಸಿಗೆ (ರನ್ ಮಾಡಲು ಸುತ್ತಬೇಕಾದ ನಿಲ್ದಾಣಗಳಲ್ಲಿ ಮೊದಲನೆಯದು) ನಡೆದು ಹೋಗಬಹುದು, ಅದಕ್ಕೆ ವಾಕ್ ಅಂತಾರೆ. ಬೇಲಿ ಆಚೆ ಹೋದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಹುಡುಗರಿಗೆ ಅಂಕ ಕೊಡುವುದು 20ರಿಂದ 80ರವರೆಗೆ. 50 ಅಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರ. ಒಬ್ಬೊಬ್ಬನಿಗೂ ಎರಡೆರಡು ಅಂಕ, ಇವತ್ತು ಎಷ್ಟು, ಮುಂದೆ ಎಷ್ಟಾಗಬಹುದು. ನಡುವೆ ಇರುವ ದೂರವೇ ಅಪಾಯ. ಇವತ್ತು 25 ಇದ್ದು ಮುಂದೆ 70 ಆಗಬಹುದು ಅನ್ನುವ ಹುಡುಗನನ್ನು ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ‘ಆಗಬಹುದು’ ಅನ್ನುವ ಪದವನ್ನು ಆಗ ಯಾರೂ ಓದುವುದಿಲ್ಲ.

ನಾನೂ ಓದಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಮೇಲಿನ ಐದು ಸುತ್ತಿನಲ್ಲೂ ಬರೀ ಶಕ್ತಿ ನೋಡಿ ಆರಿಸಿದೆ. ಎಲ್ಲ ಗೂಳಿಗಳೇ. ಹೊಡೆದರೆ ಬೇಲಿ ಆಚೆ, ಇಲ್ಲದಿದ್ದರೆ ಗಾಳಿಗೆ. ಅದರಲ್ಲಿ ಒಬ್ಬನಿಗೆ ಮೈಸೂರಿನ ಗೆಳೆಯ ‘ಗಾಳಿರಾಯ’ ಅಂತ ಹೆಸರಿಟ್ಟ, ಈಗಲೂ ನಮ್ಮ ಲೀಗಿನಲ್ಲಿ ಬೀಸಿ ತಪ್ಪುವ ಹುಡುಗರಿಗೆಲ್ಲ ಅದೇ ಹೆಸರು. ಮೂಲ ಗಾಳಿರಾಯ ಮೂರು ಸೀಸನ್ ಕೆಳಗಿನ ಲೀಗಿನಲ್ಲೇ ಕೊಳೆತ. ಮಿಕ್ಕ ನಾಲ್ವರೂ ಅಷ್ಟೇ. ನನ್ನ ಹಳೆಯ ಉದ್ರಿ ಪುಸ್ತಕದ ಹಿಂಬದಿಯಲ್ಲಿ ಎಲ್ಲರ ಹೆಸರೂ ಇದೆ, ಐದಕ್ಕೂ ಕೆಂಪು ಗೆರೆ. ಆ ಕಾಲಕ್ಕೆ ನಿಮ್ಮ ಬರಹಗಾರರು ಬಂದು ಜೂಜು ಅಂದಿದ್ದರೆ ಹೌದು ಸ್ವಾಮಿ ಅಂತಿದ್ದೆ.

ನನಗೆ ಬುದ್ಧಿ ಬಂದದ್ದು ನಮ್ಮ ತಾತನ ನೆನಪಿನಿಂದ. ತಾತ ಹಳ್ಳಿಕಾರ್ ದನದ ವ್ಯಾಪಾರ ಮಾಡುತ್ತಿದ್ದರು. ಹೇಮಗಿರಿ, ಚುಂಚನಕಟ್ಟೆ, ಮುಡುಕುತೊರೆ, ಯಾವ ಜಾತ್ರೆಯನ್ನೂ ಬಿಟ್ಟವರಲ್ಲ. ಬೇಸಿಗೆ ರಜ ಇರಲಿ ಬಿಡಲಿ, ಸ್ಕೂಲು ತಪ್ಪಿಸಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವಾಗ ಅವರ ಮುಖ ನೋಡಬೇಕಿತ್ತು, ಕಲ್ಲು. ಬೇರೆಯವರೆಲ್ಲ ಬಾಯಿಗೂಡಿದ, ಅಂದರೆ ಹಲ್ಲೆಲ್ಲ ಬಂದ, ಎತ್ತಿನ ಜೋಡಿ ಸುತ್ತ ನಿಂತಿದ್ದರೆ ಇವರು ಇನ್ನೂ ಹಲ್ಲು ಹಾಕದ ಹೋರಿಕರುಗಳ ಕಡೆ ಹೋಗುತ್ತಿದ್ದರು. ಬಾಯಿಗೂಡಿದ ಎತ್ತು ಏನು ಅಂತ ಎಲ್ಲರಿಗೂ ಗೊತ್ತು, ಅದರ ರೇಟೂ ಎಲ್ಲರಿಗೂ ಗೊತ್ತು. ಅಲ್ಲಿ ಲಾಭ ಇಲ್ಲ. ಕರು ಏನಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಅದು ಅಗ್ಗ.

ಒಂದು ಸಲ ಚುಂಚನಕಟ್ಟೆಯಲ್ಲಿ ಒಂದು ಕರು ಹಗ್ಗ ಕಿತ್ತುಕೊಂಡು ಕುಣಿಯುತ್ತಿತ್ತು. ಹತ್ತಿರ ಹೋದರೆ ಹಾಯಲು ಬರುತ್ತಿತ್ತು. ಯಾರೂ ಕೈ ಹಾಕಿರಲಿಲ್ಲ. ತಾತ ಅದನ್ನೇ ಕೊಂಡರು. ಪಕ್ಕದಲ್ಲೇ ಪಾಪದ ಹಸುವಿನಂತೆ ನಿಂತಿದ್ದ, ಬಣ್ಣ ಸುಳಿ ಎಲ್ಲ ಚೆನ್ನಾಗಿದ್ದ ಕರುವನ್ನು ಬಿಟ್ಟರು. ಯಾಕೆ ತಾತ ಅಂದೆ. “ಕೊಸರಾಡೋದ ಬುಡುಸ್ಬೋದು ಕಣ್ಲಾ ಮಗ, ಗೊರಸು ಸೀಳಿರೋದ ಏನ್ ಮಾಡಿಯೆ?” ಅಂದರು. ಆ ಸಾಧು ಕರುವಿನ ಹಿಂಗಾಲಿನ ಗೊರಸು ಸರಿ ಇರಲಿಲ್ಲ. ನಾನು ಮುಖ ನೋಡುತ್ತಿದ್ದೆ, ಅವರು ಕಾಲು ನೋಡುತ್ತಿದ್ದರು.

ಅಂಗಡಿಗೆ ಬರುವ ಮೋಟಾರಿನ ಕತೆಯೂ ಇದೇ. ಕಾಯಿಲ್ ಸುಟ್ಟು ಕರಕಲಾಗಿ ವಾಸನೆ ಹೊಡೆಯುತ್ತಾ ಬಂದರೆ ರೈತ ಅಳುವ ಮುಖ ಮಾಡಿಕೊಂಡಿರುತ್ತಾನೆ, ನನಗೆ ಅದು ಎರಡು ದಿನದ ಕೆಲಸ. ಹೊರಗೆ ಹೊಸದರಂತೆ ಹೊಳೆಯುವ ಪಂಪಿನ ಕೇಸಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ ನಾನೇ ಅಳುವ ಮುಖ ಮಾಡಬೇಕು. ನೋಡಲು ದೊಡ್ಡದಾಗಿ ಕಾಣುವ ದೋಷ ಬೇರೆ, ರಿಪೇರಿ ಆಗದ ದೋಷ ಬೇರೆ. ಬ್ಯಾಟ್ ಹಿಡಿದ ಹುಡುಗನಲ್ಲಿ ಯಾವುದು ಕಾಯಿಲ್, ಯಾವುದು ಕೇಸಿಂಗ್? ನಾನು ಇಷ್ಟು ವರ್ಷ ರಾತ್ರಿ ನಿದ್ದೆಗೆಟ್ಟು ಹುಡುಕಿದ್ದು ಇದೊಂದನ್ನೇ.

ನನಗೆ ತಿಳಿದಷ್ಟು ಹೇಳುತ್ತೇನೆ. ಬೀಸಿ ತಪ್ಪುವುದರಲ್ಲಿ ಎರಡು ಜಾತಿ ಇದೆ. ಒಬ್ಬ ಒಳ್ಳೆಯ ಚೆಂಡಿಗೇ ಬೀಸುತ್ತಾನೆ, ಆದರೆ ಬ್ಯಾಟ್ ತಡವಾಗಿ ಬರುತ್ತದೆ, ತಪ್ಪುತ್ತದೆ. ಇನ್ನೊಬ್ಬ ಎಲ್ಲೋ ಹೋಗುವ ಚೆಂಡಿಗೂ ಬೀಸುತ್ತಾನೆ. ವರ್ಷದ ಕೊನೆಯಲ್ಲಿ ಇಬ್ಬರ ಸ್ಟ್ರೈಕ್‌ಔಟ್ ಲೆಕ್ಕ ಒಂದೇ ಇರಬಹುದು. ಆದರೆ ಮೊದಲನೆಯವನದು ಕೈಯ ದೋಷ, ಎರಡನೆಯವನದು ಕಣ್ಣಿನ ದೋಷ. ನಮಗೆ ಇದನ್ನು ಅರ್ಥ ಮಾಡಿಸಲು ಅಮೆರಿಕದವರು ಬೇಕಿಲ್ಲ. ರಾಹುಲ್ ದ್ರಾವಿಡ್ ಆಫ್ ಸ್ಟಂಪ್ ಆಚೆ ಹೋಗುವ ಚೆಂಡನ್ನು ಬಿಡುತ್ತಿದ್ದದ್ದು ನೋಡಿ ಬೆಳೆದವರು ನಾವು. ಟೆಸ್ಟಿನಲ್ಲಿ ಅವರು ಎದುರಿಸಿದ್ದು 31,258 ಚೆಂಡು. ಅದರಲ್ಲಿ ಎಷ್ಟನ್ನು ಸುಮ್ನೆ ಬಿಟ್ಟಿದ್ದಾರೋ! ಬಿಡುವುದೂ ಒಂದು ಹೊಡೆತ ಅಂತ ನಮ್ಮವರಿಗೆ ಹೇಳಿಕೊಡಬೇಕಾ?

ಆದ್ದರಿಂದ ಈಗ ನಾನು ಶಕ್ತಿ 70 ಇರುವ ಹುಡುಗ ಕಂಡರೆ ಮೊದಲು ನೋಡುವುದು ಕಣ್ಣಿನ ಅಂಕ. ಅದು 50ರ ಹತ್ತಿರ ಇದ್ದು, ಚೆಂಡಿಗೆ ಬ್ಯಾಟ್ ತಾಗಿಸುವ ಅಂಕ 35 ಇದ್ದರೆ ಕಣ್ಣು ಮುಚ್ಚಿ ಆರಿಸುತ್ತೇನೆ. ಅವನು ಬೀಸಿ ತಪ್ಪಿದರೂ ನಾಲ್ಕು ಕೆಟ್ಟ ಚೆಂಡು ಬಿಟ್ಟು ಬೇಸಿಗೆ ನಡೆಯುತ್ತಾನೆ. ಆ ವಾಕ್‌ಗಳು ಅವನನ್ನು ತಂಡದಲ್ಲಿ ಉಳಿಸುತ್ತವೆ, ಉಳಿದರೆ ಕೈ ಪಳಗುತ್ತದೆ. ಕಣ್ಣು 30, ಶಕ್ತಿ 80 ಇದ್ದರೆ? ಮೈಸೂರಿನ ಗೆಳೆಯ ಆರಿಸಲಿ. ಅವನಿಗೆ ಹೊಳೆಯುವ ಕೇಸಿಂಗ್ ಅಂದರೆ ಪ್ರಾಣ.

ನಿಜವಾದ ಆಟದಲ್ಲೂ ಇದಕ್ಕೆ ಸಾಕ್ಷಿ ಇದೆ. ಆರನ್ ಜಡ್ಜ್ ಅಂತ ನ್ಯೂಯಾರ್ಕ್ ಯಾಂಕೀಸ್ ತಂಡದ ಆಟಗಾರ, ಆರಡಿ ಏಳಂಗುಲದ ಆಳು. 2013ರ ಡ್ರಾಫ್ಟಿನಲ್ಲಿ 32ನೆಯವನಾಗಿ ಆಯ್ಕೆ ಆದವನು. 2016ರಲ್ಲಿ ಮೊದಲ ಸಲ ದೊಡ್ಡ ಲೀಗಿಗೆ ಕರೆದಾಗ 84 ಸಲ ಬ್ಯಾಟ್ ಹಿಡಿದು 42 ಸಲ ಸ್ಟ್ರೈಕ್‌ಔಟ್. ಸರಿಯಾಗಿ ಅರ್ಧ! ಸರಾಸರಿ .179, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಸಲವೂ ಹೊಡೆದು ಬೇಸ್ ಮುಟ್ಟಲಿಲ್ಲ. ನಮ್ಮ ಊರಿನ ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಾಗಿದ್ದರೆ ಮಾರನೇ ಪಂದ್ಯಕ್ಕೆ ನೀರು ಕೊಡಲು ಕೂರಿಸುತ್ತಿದ್ದರು. ಮರುವರ್ಷ ಅದೇ ಹುಡುಗ 52 ಹೋಮ್ ರನ್ ಹೊಡೆದ. ಸ್ಟ್ರೈಕ್‌ಔಟ್ ಆಗಲೂ 208 ಇತ್ತು ನೋಡಿ, ಬೀಸಿ ತಪ್ಪುವುದು ನಿಲ್ಲಲಿಲ್ಲ. ಆದರೆ 127 ವಾಕ್ ಕೂಡ ಇತ್ತು. 2022ರಲ್ಲಿ 62 ಹೋಮ್ ರನ್ ಹೊಡೆದು, ದೊಡ್ಡ ಲೀಗಿನ ಎರಡು ಪಾಲಿನಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ 1961ರಿಂದ ನಿಂತಿದ್ದ ರೋಜರ್ ಮ್ಯಾರಿಸ್ ದಾಖಲೆಯನ್ನೇ ಮುರಿದ.

ಅದಕ್ಕಿಂತ ಹಳೆಯ ಕತೆ 1966ರದ್ದು. ಆ ವರ್ಷ ಮೊದಲ ಸರದಿ ನ್ಯೂಯಾರ್ಕ್ ಮೆಟ್ಸ್ ತಂಡದ್ದು. ಅವರು ಸ್ಟೀವ್ ಚಿಲ್‌ಕಾಟ್ ಅನ್ನುವ ಹೈಸ್ಕೂಲ್ ಹುಡುಗನನ್ನು ಆರಿಸಿದರು. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಎರಡನೇ ಸರದಿಯವರು ರೆಜಿ ಜಾಕ್ಸನ್ ಅನ್ನುವ ಕಾಲೇಜು ಹುಡುಗನನ್ನು ಎತ್ತಿಕೊಂಡರು. ಚಿಲ್‌ಕಾಟ್ ಭುಜಕ್ಕೆ ಪೆಟ್ಟಾಗಿ ದೊಡ್ಡ ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ. ಜಾಕ್ಸನ್ 563 ಹೋಮ್ ರನ್ ಹೊಡೆದು 1993ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಬೇಸ್‌ಬಾಲಿನಲ್ಲಿ ಅತಿ ಹೆಚ್ಚು ಸ್ಟ್ರೈಕ್‌ಔಟ್ ಆದವರು ಯಾರು ಗೊತ್ತಾ? ಅದೇ ರೆಜಿ ಜಾಕ್ಸನ್, 2,597 ಸಲ. ಇಷ್ಟು ಸಲ ತಪ್ಪಿಯೂ ಅಷ್ಟು ವರ್ಷ ಆಡಿಸಿದರಲ್ಲ, ಆ ತಪ್ಪಿನ ಬೆಲೆ ಎಷ್ಟು ಅಂತ ಯಾರೋ ಸರಿಯಾಗಿ ಲೆಕ್ಕ ಹಾಕಿದ್ದರು. ಈ ಕತೆಯಲ್ಲಿ ಹಲ್ಲು ಹಾಕದ ಕರು ಸೋತಿತು, ವಯಸ್ಸಿಗೆ ಬಂದದ್ದು ಗೆದ್ದಿತು ಅಂತ ಗೆಳೆಯರು ನನ್ನ ಬಾಯಿ ಮುಚ್ಚಿಸಲು ನೋಡುತ್ತಾರೆ. ಸರಿ, ಹಾಗಾದರೆ ಮೈಕ್ ಟ್ರೌಟ್? ಹೈಸ್ಕೂಲಿನಿಂದ ನೇರ ಬಂದ ಹುಡುಗ. ನ್ಯೂ ಜೆರ್ಸಿಯಂಥ ಚಳಿ ರಾಜ್ಯದಲ್ಲಿ ಆಡುವ ತಿಂಗಳೇ ಕಡಿಮೆ, ಅಂಥವನನ್ನು ಹೇಗೆ ನಂಬುವುದು ಅಂತ 2009ರಲ್ಲಿ 24 ಆಟಗಾರರು ಹೋಗುವವರೆಗೂ ಬಿಟ್ಟರು. ಅವನು ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ ಆದ. ಬೆಂಗಳೂರಿನ ಅಕಾಡೆಮಿ ಹುಡುಗನ ಎದುರು ನಾಗಮಂಗಲದ ಹುಡುಗ ನಿಂತಾಗ ಆಯ್ಕೆಗಾರರ ಮುಖ ಹೇಗಿರುತ್ತದೆ ಅಂತ ನೋಡಿದವರಿಗೆ ಇದು ಹೊಸದೇನಲ್ಲ.

ಜೋಯಿ ಗ್ಯಾಲೊ ಬಗ್ಗೆ ಹೇಳದಿದ್ದರೆ ನಮ್ಮ ಬೆಂಗಳೂರಿನ ಗೆಳೆಯ ಬೇಜಾರು ಮಾಡಿಕೊಳ್ಳುತ್ತಾನೆ. ಗ್ಯಾಲೊ ಅವನ ಇಷ್ಟದ ಆಟಗಾರ. 2012ರಲ್ಲಿ 39ನೇ ಆಯ್ಕೆ, ಹೈಸ್ಕೂಲ್ ಹುಡುಗ. 2017ರಲ್ಲಿ 41 ಹೋಮ್ ರನ್, 2018ರಲ್ಲಿ 40. ಆದರೆ ಸರಾಸರಿ .209 ಮತ್ತು .206. ಐದು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್. ಇದನ್ನು ಗೆಲುವು ಅನ್ನಬೇಕಾ ಸೋಲು ಅನ್ನಬೇಕಾ ಅಂತ ನಾವು ಒಂದು ಇಡೀ ರಾತ್ರಿ ಮದ್ದೂರು ವಡೆ ಇಟ್ಟುಕೊಂಡು ಜಗಳ ಆಡಿದ್ದೇವೆ. ನನ್ನ ಮಾತು ಇಷ್ಟೇ: ಮೊದಲ ಸರದಿಯಲ್ಲಿ ಎತ್ತಿಕೊಂಡಿದ್ದರೆ ಬೇಸರ ಪಡಬಹುದಿತ್ತು, 39ನೇ ಸರದಿಗೆ ಅವನು ಬಂಗಾರ. ಅಪಾಯ ಹುಡುಗನಲ್ಲಿ ಮಾತ್ರ ಇರುವುದಿಲ್ಲ, ನಾವು ಕೊಟ್ಟ ಬೆಲೆಯಲ್ಲೂ ಇರುತ್ತದೆ. ವೈಭವ್ ಸೂರ್ಯವಂಶಿಯನ್ನು 2024ರ ಹರಾಜಿನಲ್ಲಿ 13ನೇ ವಯಸ್ಸಿಗೇ ರಾಜಸ್ಥಾನ ರಾಯಲ್ಸ್ ಕೊಂಡಿದ್ದು 1.10 ಕೋಟಿಗೆ. ನನಗೂ ನಿಮಗೂ ಅದು ದೊಡ್ಡ ದುಡ್ಡು. ಆದರೆ ಅದೇ ಹರಾಜಿನಲ್ಲಿ ರಿಷಭ್ ಪಂತ್‌ಗೆ 27 ಕೋಟಿ ಹೋಯಿತು. ಹಾಗೆ ನೋಡಿದರೆ ಆ ತಂಡ ಜೂಜಾಡಲಿಲ್ಲ, ಜೇಬಿನ ಚಿಲ್ಲರೆಯಲ್ಲಿ ಒಂದು ಹಲ್ಲು ಹಾಕದ ಕರು ಕೊಂಡಿತು. ಅವನು 2025ರ ಏಪ್ರಿಲ್‌ನಲ್ಲಿ 35 ಚೆಂಡಿಗೆ ಸೆಂಚುರಿ ಹೊಡೆದ. ಹೊಡೆಯದಿದ್ದರೂ ಆ ಲೆಕ್ಕ ತಪ್ಪೇನೂ ಆಗುತ್ತಿರಲಿಲ್ಲ. ನಿಮ್ಮ ಬರಹಗಾರರು ಈ ಜಾಗದಲ್ಲೇ ಎಡವಿದ್ದು.

ಬೇರೆ ಅಪಾಯಗಳೂ ಇವೆ, ಅವನ್ನು ಬೇಗ ಹೇಳಿ ಮುಗಿಸುತ್ತೇನೆ. ಪದೇ ಪದೇ ಗಾಯ ಮಾಡಿಕೊಳ್ಳುವ ಹುಡುಗನನ್ನು ನಾನು ಮುಟ್ಟುವುದಿಲ್ಲ, ಅದು ಕೇಸಿಂಗ್. ಕೆಲಸಕ್ಕೆ ಸೋಮಾರಿ ಅಂತ ಬರೆದಿದ್ದರೂ ಮುಟ್ಟುವುದಿಲ್ಲ. ಆಯ್ಕೆ ಆದಮೇಲೂ ‘ನಾನು ಕಾಲೇಜಿಗೆ ಹೋಗುತ್ತೇನೆ, ನಿಮ್ಮ ತಂಡ ಬೇಡ’ ಅನ್ನುವ ಹುಡುಗರೂ ಇದ್ದಾರೆ. ಜಡ್ಜ್‌ನನ್ನೇ 2010ರಲ್ಲಿ ಓಕ್ಲೆಂಡ್ ತಂಡ 31ನೇ ಸುತ್ತಿನಲ್ಲಿ ಕರೆದಿತ್ತು, ಅವನು ಕಾಲೇಜಿಗೆ ಹೋದ. ಸರದಿ ದಂಡ ಆಗುತ್ತದೆ, ಆದರೆ ಹುಡುಗ ಬುದ್ಧಿವಂತ ಅಂತ ನನಗೆ ಒಳಗೊಳಗೇ ಖುಷಿ.

ಆರಿಸಿದ್ದಷ್ಟೇ ಆಟ ಅಂತ ತಿಳಿಯಬೇಡಿ. ಆರಿಸಿದ ಮೇಲೆ ಎಲ್ಲಿ ಇಡುತ್ತೀರಿ, ಎಷ್ಟು ದಿನ ಕಾಯುತ್ತೀರಿ ಅನ್ನುವುದು ಅರ್ಧ ಆಟ. ಹುಡುಗರು ಬೆಳೆಯುವ ಕೆಳಗಿನ ತಂಡಗಳಿಗೆ ಅಮೆರಿಕದಲ್ಲಿ ಫಾರ್ಮ್ ಅಂತಲೇ ಹೆಸರು. ನಮಗೆ ಫಾರ್ಮ್ ಅಂದರೆ ಮಂಡ್ಯದ ಕೃಷಿ ಸಂಶೋಧನೆಯ ವಿ.ಸಿ. ಫಾರ್ಮ್, ಅಲ್ಲೂ ಒಂದು ಹೊಸ ಕಬ್ಬಿನ ತಳಿ ರೈತನ ಕೈಗೆ ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ನಮ್ಮ ಅತ್ತಿಗೆ ಮಳವಳ್ಳಿ ಕಡೆ ರೇಷ್ಮೆ ಸಾಕುತ್ತಾರೆ. ದ್ವಿತಳಿ ಹುಳು ಸಾಕಿದರೆ ಗೂಡಿಗೆ ರೇಟು ಜಾಸ್ತಿ, ಆದರೆ ಸೆಕೆ ಶೀತ ಸ್ವಲ್ಪ ಹೆಚ್ಚು ಕಡಿಮೆ ಆದರೂ ತಟ್ಟೆ ತಟ್ಟೆಯೇ ಹೋಗಿಬಿಡುತ್ತದೆ. ಮಿಶ್ರತಳಿ ಹಾಗಲ್ಲ, ತಡೆದುಕೊಳ್ಳುತ್ತದೆ. “ಸಾಕೋ ಮನೆ ಸರಿ ಇಲ್ದೆ ದ್ವಿತಳಿ ತಂದು ಹುಳನ ಬಯ್ಯೋರೇ ಜಾಸ್ತಿ ಕಣಪ್ಪ” ಅಂತ ಅವರು ಹೇಳಿದ್ದನ್ನು ನಾನು ನಮ್ಮ ಲೀಗಿನಲ್ಲಿ ಎಲ್ಲರಿಗೂ ಹೇಳಿ ಬೈಸಿಕೊಂಡಿದ್ದೇನೆ. 18ರ ಹುಡುಗನನ್ನು ಎರಡನೇ ವರ್ಷಕ್ಕೇ ದೊಡ್ಡವರ ಎದುರು ನಿಲ್ಲಿಸಿ, ಅವನು ದಿನಾ ಸೋತು ಕುಗ್ಗಿದ ಮೇಲೆ ‘ಗಾಳಿರಾಯ’ ಅಂತ ಬಿಟ್ಟುಬಿಡುತ್ತಾರೆ. ನಾನೂ ಮಾಡಿದ್ದೇನೆ. ಈಗ ಒಂದೊಂದೇ ಮೆಟ್ಟಿಲು ಹತ್ತಿಸುತ್ತೇನೆ, ಎಲ್ಲ ಸೇರಿ ಐದು ವರ್ಷ ಆಗಲಿ. ಒಬ್ಬ ಆರನೇ ವರ್ಷಕ್ಕೆ ಹೊಡೆಯಲು ಶುರು ಮಾಡಿ ನಮ್ಮ ಲೀಗನ್ನೇ ಗೆಲ್ಲಿಸಿಕೊಟ್ಟ. ಇನ್ನೂ ಬರೆಯಬೇಕು ಅನಿಸುತ್ತದೆ, ಆದರೆ ಇಲ್ಲದ ಹುಡುಗನ ಬಗ್ಗೆ ಇಷ್ಟು ಹೆಮ್ಮೆ ಪಡುವುದು ನಮ್ಮ ಮನೆಯವಳಿಗೆ ಗೊತ್ತಾದರೆ ಕಷ್ಟ.

ಈಗ ಆ ಅರ್ಧ ಸಿಟ್ಟು ಇಳಿದ ವಿಷಯ.

ನಾನು 20 ಸುತ್ತಿನಲ್ಲಿ 20 ಹುಡುಗರನ್ನು ಆರಿಸುತ್ತೇನೆ. ಅದರಲ್ಲಿ ಇಬ್ಬರು ದೊಡ್ಡ ಲೀಗ್ ಮುಟ್ಟಿದರೆ ಹಬ್ಬ. ಮಿಕ್ಕ 18 ಹೆಸರಿಗೆ ಕೆಂಪು ಗೆರೆ ಎಳೆದು ಒಂದು ಬಟನ್ ಒತ್ತಿದರೆ ಮುಗಿಯಿತು. ತಂಡದ ಲೆಕ್ಕದಲ್ಲಿ ಇದು ಜೂಜಲ್ಲ ಅಂತ ನಾನು ಎಲ್ಲಿ ಬೇಕಾದರೂ ವಾದ ಮಾಡುತ್ತೇನೆ. ತಾತನೂ ಐದು ಕರು ತಂದರೆ ಮೂರನ್ನು ಸಾಧಾರಣ ಬೆಲೆಗೆ ಮಾರುತ್ತಿದ್ದರು, ಎರಡರಲ್ಲಿ ದುಡ್ಡು ನೋಡುತ್ತಿದ್ದರು. ಆದರೆ ಹುಡುಗನ ಕಡೆಯಿಂದ ಲೆಕ್ಕ ಹಾಕಿ. ತಂಡಕ್ಕೆ 20 ಹುಡುಗರಿದ್ದಾರೆ, ಹುಡುಗನಿಗೆ ಇರುವುದು ಒಂದೇ 18ನೇ ವಯಸ್ಸು. ಅವನಿಗೆ ಅದನ್ನು 20 ಕಡೆ ಹಂಚಿ ಹಾಕಲು ಆಗುವುದಿಲ್ಲ.

ನನ್ನ ಅಂಗಡಿಗೆ ಬರುವ ಒಬ್ಬ ರೈತರ ಮಗ ಚೆನ್ನಾಗಿ ಬ್ಯಾಟ್ ಮಾಡುತ್ತಿದ್ದ. ನಾನೇ ನೋಡಿದ್ದೇನೆ. ಎಡಗೈ ಹುಡುಗ, ಚೆಂಡು ಮೈದಾನದ ಆಚೆ ಕಬ್ಬಿನ ಗದ್ದೆಗೆ ಬೀಳುತ್ತಿತ್ತು. ಬೀಸಿ ತಪ್ಪುತ್ತಿದ್ದದ್ದೂ ಅಷ್ಟೇ. ದೊಡ್ಡ ಊರಿನ ಒಂದು ಅಕಾಡೆಮಿಯವರು ಇವನು ಮುಂದೆ ಬರುತ್ತಾನೆ ಅಂದರು. ಅಪ್ಪ ಸಾಲ ಮಾಡಿ ಕಳಿಸಿದರು, ಹುಡುಗ ಪಿಯುಸಿ ಅರ್ಧಕ್ಕೆ ಬಿಟ್ಟ. ಎರಡು ವರ್ಷ ಆಡಿಸಿದರು, ಅವನ ವಯಸ್ಸಿನವರ ತಂಡದ ಆಯ್ಕೆಯಲ್ಲಿ ಒಂದು ಸಲ ಪಟ್ಟಿ ಸೇರಿದ, ಮರುವರ್ಷ ಇಲ್ಲ. ಆಮೇಲೆ ಅಕಾಡೆಮಿಯಿಂದ ಫೋನೂ ಇಲ್ಲ. ಯಾಕೆ ಬಿಟ್ಟರು, ಕೈ ಸರಿ ಇರಲಿಲ್ಲವಾ, ಕಣ್ಣು ಸರಿ ಇರಲಿಲ್ಲವಾ, ಇಲ್ಲಾ ಇನ್ನೊಂದು ವರ್ಷ ಕಾದಿದ್ದರೆ ಆಗುತ್ತಿತ್ತಾ, ಯಾರೂ ಹೇಳಲಿಲ್ಲ. ಈಗ ಒಂದು ಗೋಡೌನಿನಲ್ಲಿ ಲೋಡು ಲೆಕ್ಕ ಬರೆಯುತ್ತಾನೆ. ಭಾನುವಾರ ಟೆನಿಸ್ ಬಾಲ್ ಆಡುತ್ತಾನೆ, ಈಗಲೂ ಚೆಂಡು ಕಬ್ಬಿನ ಗದ್ದೆಗೇ ಹೋಗುತ್ತದೆ. ಅವನನ್ನು ನೋಡಿದಾಗಲೆಲ್ಲ ನನ್ನ ಉದ್ರಿ ಪುಸ್ತಕದ ಹಿಂಬದಿ ನೆನಪಾಗುತ್ತದೆ. ನಾನು ಕೆಂಪು ಗೆರೆ ಎಳೆದ ಹುಡುಗರು ಇಲ್ಲದ ಹುಡುಗರು ಅನ್ನುವುದೊಂದೇ ಸಮಾಧಾನ.

ಬಿಟ್ಟವರು ಮತ್ತೆ ಬರುವುದೇ ಇಲ್ಲ ಅಂತಲ್ಲ. ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಔಟಾಗದೆ 303 ಹೊಡೆದರು, ಸ್ವಲ್ಪ ದಿನಕ್ಕೇ ತಂಡದಿಂದ ಹೊರಗೆ. ನಮ್ಮ ಮೈಸೂರು ವಾರಿಯರ್ಸ್‌ಗೆ ನಾಯಕ ಆಗಿ 2024ರ ಮಹಾರಾಜ ಟ್ರೋಫಿ ಗೆಲ್ಲಿಸಿಕೊಟ್ಟು, 2025ರಲ್ಲಿ ಮತ್ತೆ ಟೆಸ್ಟ್ ಆಡಿದರು. ಆದರೆ ಅವರು 303 ಹೊಡೆದಿದ್ದವರು, ಜನ ಹೆಸರು ಮರೆತಿರಲಿಲ್ಲ. ಗೋಡೌನಿನ ಹುಡುಗನಿಗೆ ಅಂಥ ಒಂದು ಅಂಕಿಯೂ ಇಲ್ಲ.

ಹಾಗಾಗಿ ಸಂಪಾದಕರೇ, ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಹರಾಜಿನ ಬಗ್ಗೆ ಬರೆಸುವಾಗ ಜೂಜು ಅಂತ ಒಂದೇ ಪದದಲ್ಲಿ ಮುಗಿಸಬೇಡಿ, ಕೋಟಿ ಎಷ್ಟು ಅಂತ ದಪ್ಪಕ್ಷರದಲ್ಲಿ ಹಾಕಿ ಸುಮ್ಮನಾಗಲೂಬೇಡಿ. ಐದು ವರ್ಷದ ಹಿಂದೆ ಹೀಗೇ ಹೆಸರು ಬಂದಿದ್ದ ನಮ್ಮ ಕಡೆಯ ಹುಡುಗರು ಈಗ ಎಲ್ಲಿದ್ದಾರೆ ಅಂತ ಒಬ್ಬ ವರದಿಗಾರರನ್ನು ಕಳಿಸಿ ಕೇಳಿಸಿ. ಮಂಡ್ಯ, ಮೈಸೂರು, ಚಾಮರಾಜನಗರ ಸುತ್ತಿದರೆ ಸಾಕು. ಯಾರನ್ನು ಎಷ್ಟು ದಿನ ಕಾದರು, ಬಿಡುವಾಗ ಕಾರಣ ಹೇಳಿದರಾ, ಓದು ಮುಂದುವರಿಸಲು ಏನಾದರೂ ಮಾಡಿದರಾ ಅಂತ. ಬೇಕಾದರೆ ಗೋಡೌನಿನ ಹುಡುಗನನ್ನು ನಾನೇ ಮಾತಾಡಿಸುತ್ತೇನೆ, ಅವನು ಒಪ್ಪಿದರೆ.

ಈ ಶನಿವಾರ ರಾತ್ರಿ ನಮ್ಮ ಮುಂದಿನ ಡ್ರಾಫ್ಟ್ ಇದೆ. ನನ್ನದು ಐದನೇ ಸರದಿ. 18 ವರ್ಷದ ಒಬ್ಬನ ಮೇಲೆ ಕಣ್ಣಿಟ್ಟಿದ್ದೇನೆ, ಶಕ್ತಿ 70 ಆಗಬಹುದು, ಕಣ್ಣು 55, ಬ್ಯಾಟ್ ತಾಗಿಸುವುದು ಮಾತ್ರ ಇವತ್ತಿಗೆ 20. ಅದಕ್ಕಿಂತ ಕೆಳಗೆ ಅಂಕವೇ ಇಲ್ಲ. ನಾಲ್ಕನೇ ಸರದಿ ಮೈಸೂರಿನ ಗೆಳೆಯನದು, ಅವನು ನಿಮ್ಮ ಪತ್ರಿಕೆ ದಿನಾ ಓದುತ್ತಾನೆ. ಆದ್ದರಿಂದ ದಯವಿಟ್ಟು ಈ ಪತ್ರವನ್ನು ಶನಿವಾರ ಆದಮೇಲೆ ಹಾಕಿ. ಉದ್ದ ಆಯಿತು ಅಂತ ಕತ್ತರಿಸುವುದಾದರೆ ಗ್ಯಾಲೊ ಕತೆ ಕತ್ತರಿಸಿ, ತಾತನ ಗೊರಸಿನ ಮಾತು ಬಿಡಬೇಡಿ.

ಇಂತಿ ನಿಮ್ಮ ಓದುಗ,
ಪಂಪ್‌ಸೆಟ್ ರಿಪೇರಿಯವನು, ಮಂಡ್ಯ